ಬ್ರಿಟನ್ನಿನ ಅಗ್ಗದ ‘ಅಡ್ವಾನ್ಸ್’ ರೈಲು ಟಿಕೆಟ್: ದಾರಿಯ ನಡುವೆ ಇಳಿಯುವ ಆಸೆಯಿದ್ದರೆ

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬ್ರಿಸ್ಟಲ್ ಟೆಂಪಲ್ ಮೀಡ್ಸ್‌ಗೆ ಹೋಗುವ ರೈಲು ಕೊನೆಯ ನಿಲ್ದಾಣ ತಲುಪುವ ಕಾಲು ಗಂಟೆ ಮೊದಲು ಬಾತ್ ಸ್ಪಾ ಎಂಬಲ್ಲಿ ನಿಲ್ಲುತ್ತದೆ. ರೋಮನ್ನರು ಕಟ್ಟಿಸಿದ ಸ್ನಾನಗೃಹ, ಜೇನುಬಣ್ಣದ ಕಲ್ಲಿನ ಮನೆಗಳ ಸಾಲು, ಏವನ್ ನದಿಯ ಸೇತುವೆ ಎಲ್ಲವೂ ಅಲ್ಲಿಂದ ನಡಿಗೆಯ ದೂರದಲ್ಲಿವೆ. ಊರಿನಿಂದ ತಂದೆ ತಾಯಿ ಬಂದಿದ್ದಾರೆ, ಬ್ರಿಸ್ಟಲ್‌ನಲ್ಲಿ ನೆಂಟರಿದ್ದಾರೆ, ತಿಂಗಳ ಹಿಂದೆಯೇ ಕಡಿಮೆ ದರಕ್ಕೆ ತೆಗೆದಿಟ್ಟ ಟಿಕೆಟ್ ಮೊಬೈಲಿನಲ್ಲಿದೆ. ದಾರಿಯಲ್ಲೇ ಸಿಗುವ ಊರಲ್ಲವೇ, ಬಾತ್‌ನಲ್ಲಿ ಇಳಿದು ಮೂರು ಗಂಟೆ ಸುತ್ತಾಡಿ ಇನ್ನೊಂದು ರೈಲು ಹಿಡಿದರಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಕೈಯಲ್ಲಿರುವುದು ‘ಅಡ್ವಾನ್ಸ್’ ವರ್ಗದ ಟಿಕೆಟ್ ಆಗಿದ್ದರೆ ಹಾಗೆ ಇಳಿಯುವಂತಿಲ್ಲ.

ಇದರಲ್ಲಿ ಪ್ರಯಾಣಿಕರ ತಪ್ಪು ದೊಡ್ಡದೇನಲ್ಲ. ನಮ್ಮ ಅನುಭವವೇ ಬೇರೆ. ಭಾರತೀಯ ರೈಲ್ವೆಯಲ್ಲಿ ನಡುವೆ ಇಳಿಯುವ ಹಕ್ಕು ದೂರವನ್ನು ನೋಡಿ ಸಿಗುತ್ತದೆ. 500 ಕಿಲೋಮೀಟರಿಗಿಂತ ಹೆಚ್ಚು ದೂರದ ಟಿಕೆಟ್ ಇದ್ದರೆ ಮೊದಲ 500 ಕಿಲೋಮೀಟರ್ ಕ್ರಮಿಸಿದ ಮೇಲೆ ಒಂದು ಕಡೆ ಇಳಿಯಬಹುದು, ಟಿಕೆಟ್ 1,000 ಕಿಲೋಮೀಟರ್ ಮೀರಿದ್ದರೆ ಎರಡು ಕಡೆ. ಒಂದೊಂದು ಕಡೆಯೂ ಎರಡು ದಿನದವರೆಗೆ ಉಳಿಯಬಹುದು. ಬೆಂಗಳೂರಿನಿಂದ ದೆಹಲಿಗೆ ಹೊರಟವರು ‘ಬ್ರೇಕ್ ಜರ್ನಿ’ ಮಾಡಿಸಿಕೊಂಡು, ಭೋಪಾಲದಲ್ಲಿ ಇಳಿದು ಸಾಂಚಿ ನೋಡಿ, ಮತ್ತೆ ರೈಲು ಹತ್ತುವ ಪದ್ಧತಿ ಹಳೆಯದು. ರಾಜಧಾನಿ, ಶತಾಬ್ದಿಯಂಥ ರೈಲುಗಳಲ್ಲಿ ಮಾತ್ರ ಅದಕ್ಕೆ ಅವಕಾಶವಿಲ್ಲ. ಬ್ರಿಟನ್ನಿನಲ್ಲಿ ದೂರಕ್ಕೂ ಈ ಹಕ್ಕಿಗೂ ಸಂಬಂಧವಿಲ್ಲ; ನೀವು ಕೊಂಡ ಟಿಕೆಟ್ ಯಾವ ವರ್ಗದ್ದು ಎಂಬುದಷ್ಟೇ ಮುಖ್ಯ. ಇನ್ನೊಂದು ಗೊಂದಲವೂ ಇದೆ. ನಮ್ಮಲ್ಲಿ ಮುಂಗಡವಾಗಿ ಕಾಯ್ದಿರಿಸಿದರೂ ದರ ಸಾಮಾನ್ಯವಾಗಿ ಬದಲಾಗುವುದಿಲ್ಲ. ಅಲ್ಲಿ ‘ಅಡ್ವಾನ್ಸ್’ ಎಂಬುದೇ ಒಂದು ಪ್ರತ್ಯೇಕ ದರ, ಅದಕ್ಕೆ ಅದರದೇ ಷರತ್ತುಗಳು.

ಆದ್ದರಿಂದ ಎಲ್ಲಿ ಇಳಿಯಬೇಕೆಂಬುದು ಟಿಕೆಟ್ ಕೊಳ್ಳುವ ಮೊದಲೇ ತೀರ್ಮಾನವಾಗಬೇಕು. ಮೊದಲೇ ಯೋಚಿಸಿದರೆ ನಡುವಿನ ಊರನ್ನೂ ನೋಡಬಹುದು, ಅಗ್ಗದ ದರವೂ ಕೈತಪ್ಪುವುದಿಲ್ಲ. ಕೊಂಡ ಮೇಲೆ ಯೋಚಿಸಿದರೆ ಉಳಿಸಿದ ಹಣವೂ ಹೋಗುತ್ತದೆ, ಅದರ ಮೇಲೆ ಇನ್ನಷ್ಟು ಕೊಡಬೇಕಾಗಬಹುದು.

ಮೊದಲು ಟಿಕೆಟನ್ನು ಓದಿ

ಕೈಯಲ್ಲಿ ಈಗಾಗಲೇ ಟಿಕೆಟ್ ಇದ್ದರೆ ತೆರೆದು ನೋಡಿ. ಕಿತ್ತಳೆ ಬಣ್ಣದ ಪಟ್ಟಿಯಿರುವ ಕಾರ್ಡ್ ಆಗಲಿ, ಚೌಕಾಕಾರದ ಕೋಡ್ ಇರುವ ಇ-ಟಿಕೆಟ್ ಆಗಲಿ, ಗಮನಿಸಬೇಕಾದದ್ದು ಮೂರು ಕಡೆ. ಟಿಕೆಟ್ಟಿನ ವರ್ಗ ಹೇಳುವ ಜಾಗದಲ್ಲಿ ‘ಅಡ್ವಾನ್ಸ್ ಸಿಂಗಲ್’ ಎಂದಿದೆಯೇ? ಸಮಯದ ಹತ್ತಿರ ‘ಬುಕ್ಡ್ ಟ್ರೇನ್ ಓನ್ಲಿ’ ಎಂಬ ಮಾತಿದೆಯೇ? ಮಾರ್ಗದ ಜಾಗದಲ್ಲಿ ಒಂದೇ ಕಂಪನಿಯ ಹೆಸರು, ಜೊತೆಗೆ ‘ಕನೆಕ್ಷನ್ಸ್’ ಎಂದಿದೆಯೇ? ಇವು ಕಂಡರೆ ನಿಮ್ಮದು ಅಡ್ವಾನ್ಸ್ ಟಿಕೆಟ್. ಆ ದಿನದ, ಆ ಹೊತ್ತಿನ, ಆ ಒಂದು ರೈಲಿಗೆ ಮಾತ್ರ ಅದು ಸಲ್ಲುತ್ತದೆ. ವಿಮಾನದ ಟಿಕೆಟ್ಟಿನಂತೆ ಇದನ್ನು ನೋಡಿದರೆ ಎಲ್ಲವೂ ಸುಲಭವಾಗಿ ಅರ್ಥವಾಗುತ್ತದೆ: ನೀವು ಕೊಂಡದ್ದು ಒಂದು ನಿರ್ದಿಷ್ಟ ರೈಲಿನಲ್ಲಿ ಕುಳಿತು ಹೋಗುವ ಅವಕಾಶವನ್ನು, ಇಡೀ ದಾರಿಯನ್ನಲ್ಲ.

‘ಎನಿಟೈಮ್’ (ಯಾವ ಹೊತ್ತಿನ ರೈಲಿಗೂ ಸಲ್ಲುವುದು), ‘ಆಫ್-ಪೀಕ್’, ‘ಸೂಪರ್ ಆಫ್-ಪೀಕ್’ (ಜನದಟ್ಟಣೆ ಕಡಿಮೆಯಿರುವ ಹೊತ್ತಿನವು) ಎಂದಿದ್ದರೆ ನಿಮಗೆ ಸ್ವಾತಂತ್ರ್ಯ ಹೆಚ್ಚು. ಈ ವರ್ಗಗಳಲ್ಲಿ ದಾರಿಯ ನಡುವೆ ಇಳಿದು ಮತ್ತೆ ಹತ್ತುವುದಕ್ಕೆ ಸಾಮಾನ್ಯವಾಗಿ ಅವಕಾಶವಿರುತ್ತದೆ. ಕೆಲವು ಆಫ್-ಪೀಕ್ ಟಿಕೆಟ್‌ಗಳಲ್ಲಿ, ಅದರಲ್ಲೂ ಹೋಗುವ ಪ್ರಯಾಣದಲ್ಲಿ, ಈ ಅವಕಾಶವನ್ನು ತಡೆದಿರುತ್ತಾರೆ. ಅದನ್ನು ತಿಳಿಯಲು ಟಿಕೆಟ್ಟಿನ ಮೇಲೆ ಎರಡು ಅಕ್ಷರ ಅಥವಾ ಅಂಕಿಗಳ ಒಂದು ಸಂಕೇತವಿರುತ್ತದೆ. ನ್ಯಾಷನಲ್ ರೈಲ್ ಜಾಲತಾಣದಲ್ಲಿ ಆ ಸಂಕೇತ ಹಾಕಿದರೆ ಯಾವ ಹೊತ್ತಿನ ರೈಲು ಹತ್ತಬಹುದು, ನಡುವೆ ಇಳಿಯಬಹುದೇ ಎಂಬುದೆಲ್ಲ ಬರುತ್ತದೆ. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ನಿಯಮ ಏನನ್ನುತ್ತದೆ

ಬ್ರಿಟನ್ನಿನ ಎಲ್ಲ ರೈಲು ಕಂಪನಿಗಳಿಗೂ ಸಾಮಾನ್ಯವಾದ ‘ನ್ಯಾಷನಲ್ ರೈಲ್ ಕಂಡಿಷನ್ಸ್ ಆಫ್ ಟ್ರಾವೆಲ್’ ಎಂಬ ನಿಯಮಾವಳಿಯಿದೆ. ಅದರ 16ನೆಯ ನಿಯಮ ಈ ವಿಷಯದ್ದು. ಮೊದಲು ಅದು ಪ್ರಯಾಣಿಕರಿಗೆ ವಿಶಾಲವಾದ ಹಕ್ಕನ್ನೇ ಕೊಡುತ್ತದೆ: ನಡುವಿನ ಯಾವುದೇ ನಿಲ್ದಾಣದಲ್ಲಿ ಪ್ರಯಾಣ ಆರಂಭಿಸಬಹುದು, ನಿಲ್ಲಿಸಿ ಮುಂದುವರಿಸಬಹುದು, ಗುರಿ ತಲುಪುವ ಮೊದಲೇ ಮುಗಿಸಲೂಬಹುದು. ಆಮೇಲೆ, ಇದಕ್ಕೆ ನಿಷೇಧವಿರುವ ಟಿಕೆಟ್‌ಗಳೂ ಇವೆ, ಮಾರುವವರು ಅದನ್ನು ಕೊಳ್ಳುವಾಗಲೇ ಸ್ಪಷ್ಟಪಡಿಸಬೇಕು ಎನ್ನುತ್ತದೆ. ಅಡ್ವಾನ್ಸ್ ಟಿಕೆಟ್‌ಗಳು ಈ ನಿಷೇಧದ ಪಟ್ಟಿಯಲ್ಲಿವೆ. ಅವುಗಳ ಷರತ್ತಿನ ಪ್ರಕಾರ ಪ್ರಯಾಣಪಟ್ಟಿಯಲ್ಲಿ ತೋರಿಸಿದ ಕಡೆ ರೈಲು ಬದಲಿಸಲು ಮಾತ್ರ ಇಳಿಯಬಹುದು.

ಇಲ್ಲಿ ಮೂರು ಕೆಲಸಗಳನ್ನೂ ಒಟ್ಟಿಗೆ ತಡೆದಿದ್ದಾರೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ನಡುವೆ ಇಳಿದು ಮತ್ತೆ ಹತ್ತುವುದು ಬೇಡ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬ್ರಿಸ್ಟಲ್‌ವರೆಗೆ ಟಿಕೆಟ್ ತೆಗೆದು ಬಾತ್‌ನಲ್ಲೇ ಪ್ರಯಾಣ ಮುಗಿಸಿಬಿಡುವುದಕ್ಕೂ ಅನುಮತಿಯಿಲ್ಲ. ಪೂರ್ತಿ ಹಣ ಕೊಟ್ಟಿದ್ದೇನೆ, ಕಡಿಮೆ ದೂರ ಹೋಗುತ್ತಿದ್ದೇನೆ, ಯಾರಿಗೇನು ನಷ್ಟ ಎಂಬ ಪ್ರಶ್ನೆ ಸಹಜವಾದದ್ದೇ, ನನಗೂ ಆ ವಾದದಲ್ಲಿ ನ್ಯಾಯ ಕಾಣುತ್ತದೆ. ಆದರೆ ಕೆಲವು ದಿನ ದೂರದ ಊರಿನ ಅಡ್ವಾನ್ಸ್ ದರ ಹತ್ತಿರದ ಊರಿನದಕ್ಕಿಂತ ಕಡಿಮೆಯಿರುತ್ತದೆ. ಆ ಅಗ್ಗದ ಟಿಕೆಟ್ ಕೊಂಡು ಹತ್ತಿರದ ಊರಿನಲ್ಲೇ ಇಳಿದುಬಿಡುವುದನ್ನು ತಡೆಯುವುದೇ ಈ ನಿಯಮದ ಕೆಲಸ. ಮೂರನೆಯದು ತಡವಾಗಿ ಹತ್ತುವುದು. ಪ್ಯಾಡಿಂಗ್ಟನ್‌ನಿಂದ ಟಿಕೆಟ್ ಇದೆ, ಮನೆ ರೆಡಿಂಗ್ ಹತ್ತಿರ, ಅದೇ ರೈಲು ರೆಡಿಂಗ್‌ನಲ್ಲೂ ನಿಲ್ಲುತ್ತದೆ, ಅಲ್ಲೇ ಹತ್ತಿದರೇನು ಎನ್ನುವವರಿದ್ದಾರೆ. ಅಡ್ವಾನ್ಸ್ ಟಿಕೆಟ್ಟಿನಲ್ಲಿ ಅದೂ ಸಲ್ಲುವುದಿಲ್ಲ.

ಯಾವುದನ್ನು ‘ನಡುವೆ ನಿಲ್ಲಿಸಿದ ಪ್ರಯಾಣ’ ಎಂದು ಎಣಿಸುತ್ತಾರೆ ಎಂಬುದನ್ನೂ ಅದೇ ನಿಯಮ ಹೇಳುತ್ತದೆ. ಪ್ರಯಾಣ ಶುರುವಾದ ಮೇಲೆ ನಿಲ್ದಾಣದಿಂದ ಹೊರಗೆ ಹೋದರೆ ನಿಲ್ಲಿಸಿದಂತೆ. ಇದಕ್ಕೆ ವಿನಾಯಿತಿಗಳಿವೆ. ಇನ್ನೊಂದು ನಿಲ್ದಾಣದಲ್ಲಿ ರೈಲು ಹಿಡಿಯಲು ಹೊರಗೆ ಹೋದರೆ ತಪ್ಪಿಲ್ಲ. ಒಂದೇ ದಿನದಲ್ಲಿ ಮುಗಿಸಲಾಗದಷ್ಟು ಉದ್ದದ ಪ್ರಯಾಣವಾದರೆ ರಾತ್ರಿ ತಂಗಲು ಹೊರಗೆ ಹೋಗಬಹುದು. ರೈಲ್ವೆ ಸಿಬ್ಬಂದಿಯೇ ಹೊರಗೆ ಹೋಗಿ ಎಂದರೆ ಅದೂ ಸರಿ.

ಮೊದಲನೆಯ ವಿನಾಯಿತಿ ಲಂಡನ್ ದಾಟುವವರಿಗೆ ಉಪಯುಕ್ತ. ಲೀಡ್ಸ್‌ನಿಂದ ಪೋರ್ಟ್ಸ್‌ಮತ್‌ಗೆ ಹೋಗುವ ಟಿಕೆಟ್ ಲಂಡನ್ ಮೂಲಕವಿದ್ದರೆ ಕಿಂಗ್ಸ್ ಕ್ರಾಸ್‌ನಲ್ಲಿ ಇಳಿದು, ಊರು ದಾಟಿ, ವಾಟರ್‌ಲೂನಲ್ಲಿ ಮುಂದಿನ ರೈಲು ಹತ್ತಬೇಕು. ಹೊರಗೆ ಹೋಗುವುದು ಇಲ್ಲಿ ಪ್ರಯಾಣದ್ದೇ ಭಾಗ. ಬುಕ್ ಮಾಡುವಾಗ ವಾಟರ್‌ಲೂನಿಂದ ಸ್ವಲ್ಪ ತಡವಾಗಿ ಹೊರಡುವ ರೈಲನ್ನೇ ಆರಿಸಿಕೊಂಡಿದ್ದರೆ, ಅಲ್ಲಿಂದ ಥೇಮ್ಸ್ ದಂಡೆಯ ಮೇಲೆ ನಡೆದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವೇಶ್ವರರ ಪ್ರತಿಮೆಗೆ ಕೈಮುಗಿದು ಬರುವಷ್ಟು ಸಮಯ ಸಿಗಬಹುದು. 2015ರ ನವೆಂಬರ್ 14ರಂದು ಅನಾವರಣಗೊಂಡ ಆ ಪ್ರತಿಮೆಯನ್ನು ನೋಡಬೇಕೆಂದು ಊರಿನಿಂದ ಬಂದ ಹಿರಿಯರು ಆಸೆಪಡುತ್ತಾರೆ. ಟಿಕೆಟ್ಟಿನಲ್ಲಿ ಶಿಲುಬೆಯಂಥ ಚಿಕ್ಕ ಗುರುತಿದ್ದರೆ ಎರಡು ನಿಲ್ದಾಣಗಳ ನಡುವಿನ ಟ್ಯೂಬ್ (ಲಂಡನ್ನಿನ ನೆಲದಡಿಯ ರೈಲು) ಪ್ರಯಾಣವೂ ಅದರಲ್ಲೇ ಸೇರಿರುತ್ತದೆ. ಬೇರೆ ಕಡೆ ಇಳಿಯುವುದಾದರೆ ಅದರ ಖರ್ಚು ನಿಮ್ಮದು. ಕಾಯ್ದಿರಿಸಿದ ರೈಲಿನ ಹೊತ್ತಿಗೆ ಮಾತ್ರ ವಾಟರ್‌ಲೂನಲ್ಲಿ ಹಾಜರಿರಬೇಕು.

ಒಂದೇ ನಿಲ್ದಾಣದಲ್ಲಿ ರೈಲು ಬದಲಿಸುವಾಗ ಮುಕ್ಕಾಲು ಗಂಟೆ ಬಿಡುವು ಸಿಕ್ಕರೆ ನಿಲ್ದಾಣದ ಒಳಗೇ ಇರುವುದು ಒಳ್ಳೆಯದು. ಒಳಗೆ ತಿನ್ನಲು ಏನೂ ಇಲ್ಲ, ಮಗುವಿಗೆ ಔಷಧಿ ಬೇಕು ಎಂಬ ಸಂದರ್ಭದಲ್ಲಿ ಗೇಟಿನ ಸಿಬ್ಬಂದಿಗೆ ಪ್ರಯಾಣಪಟ್ಟಿ ತೋರಿಸಿ ಕೇಳಿ. ಅವರು ಬಿಟ್ಟರೆ ಅದು ಅವರ ಸೌಜನ್ಯ, ನಿಮ್ಮ ಹಕ್ಕೆಂದು ವಾದಿಸಲು ಬರುವುದಿಲ್ಲ.

ಕೊಳ್ಳುವ ಮೊದಲು: ಬಾತ್ ನೋಡಿ ಬ್ರಿಸ್ಟಲ್‌ಗೆ

ಈಗ ಆರಂಭದಲ್ಲಿ ಹೇಳಿದ ಪ್ರಯಾಣವನ್ನೇ ಸರಿಯಾಗಿ ಯೋಜಿಸೋಣ. ಒಂದು ಎಚ್ಚರಿಕೆ ಮೊದಲೇ ಇರಲಿ. ಬ್ರಿಸ್ಟಲ್‌ಗೆ ಎರಡು ದೊಡ್ಡ ನಿಲ್ದಾಣಗಳಿವೆ. ಬಾತ್ ಮೂಲಕ ಬರುವ ರೈಲು ಹೋಗುವುದು ಟೆಂಪಲ್ ಮೀಡ್ಸ್‌ಗೆ. ಬ್ರಿಸ್ಟಲ್ ಪಾರ್ಕ್‌ವೇ ಮೂಲಕ ಸೌತ್ ವೇಲ್ಸ್‌ಗೆ ಹೋಗುವ ರೈಲುಗಳು ಬಾತ್‌ಗೆ ಬರುವುದೇ ಇಲ್ಲ.

ಮೊದಲ ದಾರಿ, ಪ್ರಯಾಣವನ್ನು ನೀವೇ ಎರಡು ತುಂಡು ಮಾಡುವುದು. ಪ್ಯಾಡಿಂಗ್ಟನ್‌ನಿಂದ ಬಾತ್‌ಗೆ ಒಂದು ಅಡ್ವಾನ್ಸ್ ಟಿಕೆಟ್, ಬಾತ್‌ನಿಂದ ಬ್ರಿಸ್ಟಲ್‌ಗೆ ಇನ್ನೊಂದು ಟಿಕೆಟ್. ಎರಡನೆಯದಕ್ಕೆ ಅಡ್ವಾನ್ಸ್ ಹುಡುಕುವ ಗೋಜಿಗೆ ಹೋಗಬೇಡಿ. ಹತ್ತು-ಹದಿನೈದು ನಿಮಿಷದ ದಾರಿ, ಮೇಲಿಂದ ಮೇಲೆ ರೈಲುಗಳಿವೆ, ಅಂದೇ ಕೌಂಟರಿನಲ್ಲೋ ಮೊಬೈಲಿನಲ್ಲೋ ಸಾಮಾನ್ಯ ಟಿಕೆಟ್ ತೆಗೆದರೆ ಸಾಕು. ಹೀಗೆ ಮಾಡಿದರೆ ಬಾತ್‌ನಲ್ಲಿ ಎಷ್ಟು ಹೊತ್ತು ಇರಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ಸ್ನಾನಗೃಹದ ಮುಂದೆ ಸಾಲು ಉದ್ದವಿದ್ದರೂ, ಅಮ್ಮನ ಕಾಲು ನೋಯುತ್ತಿದೆ ಎಂದು ಕಾಫಿಗೆ ಕುಳಿತರೂ, ಗಡಿಯಾರ ನೋಡಿ ಓಡಬೇಕಾಗಿಲ್ಲ. ದೂರದ ತುಂಡಿಗೆ ಅಡ್ವಾನ್ಸ್, ಹತ್ತಿರದ ತುಂಡಿಗೆ ಸಾಮಾನ್ಯ ಟಿಕೆಟ್: ಬಹುಪಾಲು ಪ್ರಯಾಣಗಳಿಗೆ ನಾನು ಹೇಳುವುದು ಈ ಜೋಡಿಯನ್ನೇ.

ಎರಡನೆಯ ದಾರಿ, ಬ್ರಿಸ್ಟಲ್‌ವರೆಗೂ ಆಫ್-ಪೀಕ್ ಟಿಕೆಟ್ ತೆಗೆಯುವುದು. ಸಂಕೇತ ನೋಡಿ ನಡುವೆ ಇಳಿಯಲು ತಡೆಯಿಲ್ಲವೆಂದು ಖಚಿತಪಡಿಸಿಕೊಂಡರೆ, ಬಾತ್‌ನಲ್ಲಿ ಇಳಿದು ಅದೇ ಟಿಕೆಟ್ಟಿನಲ್ಲಿ ಮುಂದುವರಿಯಬಹುದು. ದರ ಅಡ್ವಾನ್ಸಿಗಿಂತ ಹೆಚ್ಚು, ಆದರೆ ಹೋಗಿಬರುವ ಟಿಕೆಟ್ ತೆಗೆದಾಗ ಲೆಕ್ಕ ಬದಲಾಗುತ್ತದೆ. ದೂರದ ಊರುಗಳ ಆಫ್-ಪೀಕ್ ರಿಟರ್ನ್ ಟಿಕೆಟ್ಟಿನಲ್ಲಿ ಹೋಗುವ ಪ್ರಯಾಣ ಸಾಮಾನ್ಯವಾಗಿ ನಮೂದಿಸಿದ ದಿನವೇ ಮುಗಿಯಬೇಕು. ಬರುವ ಪ್ರಯಾಣಕ್ಕೆ ಒಂದು ತಿಂಗಳ ಅವಧಿಯಿರುತ್ತದೆ. ಅಂದರೆ ನಡುವಿನ ಊರಿನಲ್ಲಿ ರಾತ್ರಿ ಉಳಿಯುವ ಯೋಚನೆಯಿದ್ದರೆ ಅದನ್ನು ಹಿಂದಿರುಗುವ ಪ್ರಯಾಣಕ್ಕೆ ಇಟ್ಟುಕೊಳ್ಳಬೇಕು. ಬ್ರಿಸ್ಟಲ್‌ನಿಂದ ಹೊರಟು, ಬಾತ್‌ನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಅದೇ ಟಿಕೆಟ್ಟಿನಲ್ಲಿ ಲಂಡನ್ ಸೇರಬಹುದು. ಈ ಸೌಲಭ್ಯ ತಿಳಿಯದೆ ಪ್ರತ್ಯೇಕ ಟಿಕೆಟ್‌ಗಳಿಗೆ ಹಣ ಸುರಿಯುವವರು ಬಹಳ. ‘ಡೇ ರಿಟರ್ನ್’ ಎಂದಿದ್ದರೆ ಮಾತ್ರ ಎರಡೂ ಪ್ರಯಾಣ ಅದೇ ದಿನ ಮುಗಿಯಬೇಕು.

ಎರಡೂ ದಾರಿಗಳ ದರವನ್ನು ಒಂದೇ ಹೊತ್ತಿನಲ್ಲಿ ನೋಡಿ ಹೋಲಿಸಿ. ಅಡ್ವಾನ್ಸ್ ಟಿಕೆಟ್‌ಗಳು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರ ಮೊದಲು ಮಾರಾಟಕ್ಕೆ ಬರುತ್ತವೆ. ಪ್ರತಿ ರೈಲಿನಲ್ಲೂ ಕಡಿಮೆ ದರದ ಟಿಕೆಟ್‌ಗಳ ಸಂಖ್ಯೆಗೆ ಮಿತಿಯಿದೆ. ಅವು ಮುಗಿದಂತೆ ಮುಂದಿನ, ಹೆಚ್ಚಿನ ದರದವು ತೆರೆದುಕೊಳ್ಳುತ್ತವೆ. ಅಡ್ವಾನ್ಸ್ ಸಿಗುವುದು ಒಂದೊಂದು ದಿಕ್ಕಿಗೆ ಪ್ರತ್ಯೇಕವಾಗಿ. ಹೋಗಲು ಒಂದು ಬಗೆ, ಬರಲು ಇನ್ನೊಂದು ಬಗೆಯ ಟಿಕೆಟ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಬ್ರಿಸ್ಟಲ್ ತಲುಪಿದ ಮೇಲೆ ಟೆಂಪಲ್ ಮೀಡ್ಸ್‌ನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಆರ್ನೋಸ್ ವೇಲ್ ಸ್ಮಶಾನವಿದೆ. 1833ರಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡ ರಾಜಾ ರಾಮಮೋಹನ ರಾಯರ ಸಮಾಧಿ ಅಲ್ಲಿದೆ. ಭಾರತೀಯ ಮಂಟಪದ ಶೈಲಿಯಲ್ಲಿ ಕಟ್ಟಿದ ಅದನ್ನು ನೋಡಲೆಂದೇ ಅರ್ಧ ದಿನ ತೆಗೆದಿಟ್ಟರೂ ನಷ್ಟವಿಲ್ಲ.

ಎಡಿನ್‌ಬರೋ ದಾರಿಯ ಮಾತು ಬೇರೆ

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋಗೆ ಹೋಗುವವರು ಯಾರ್ಕ್‌ನಲ್ಲೋ ಡರಂನಲ್ಲೋ ಇಳಿಯಲು ಬಯಸುತ್ತಾರೆ. ಯಾರ್ಕ್ ನಿಲ್ದಾಣದ ಪಕ್ಕದಲ್ಲೇ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯವಿದೆ, ಪ್ರವೇಶ ಉಚಿತ. ಆದರೆ ಈ ಮಾರ್ಗದ ಎಲ್‌ಎನ್‌ಇಆರ್ ಕಂಪನಿ 2024ರ ಆರಂಭದಲ್ಲಿ ಲಂಡನ್ನಿಗೂ ನ್ಯೂಕಾಸಲ್, ಬೆರಿಕ್, ಎಡಿನ್‌ಬರೋಗಳಿಗೂ ನಡುವಿನ ಪ್ರಯಾಣಕ್ಕೆ ಆಫ್-ಪೀಕ್ ದರಗಳನ್ನು ತೆಗೆದು, ‘70 ಮಿನ್ ಫ್ಲೆಕ್ಸ್’ ಎಂಬ ಹೊಸ ಬಗೆಯ ಅಡ್ವಾನ್ಸ್ ಟಿಕೆಟನ್ನು ಪ್ರಯೋಗವಾಗಿ ತಂದಿತು. ಕಾಯ್ದಿರಿಸಿದ ರೈಲಿಗಿಂತ 70 ನಿಮಿಷದವರೆಗೆ ಮೊದಲು ಅಥವಾ ನಂತರ ಹೊರಡುವ ರೈಲನ್ನೂ ಹತ್ತಲು ಅದು ಬಿಡುತ್ತದೆ. ಮೀಟಿಂಗ್ ತಡವಾಯಿತು ಎನ್ನುವವರಿಗೆ ಅನುಕೂಲ. ಆ 70 ನಿಮಿಷವನ್ನು ಯಾರ್ಕ್‌ನಲ್ಲಿ ಇಳಿದು ಕಳೆಯಬಹುದೆಂದು ಮಾತ್ರ ಭಾವಿಸಬೇಡಿ. ಈ ದಾರಿಯಲ್ಲಿ ನಡುವೆ ಇಳಿಯುವವರಿಗೆ ಲಂಡನ್–ಯಾರ್ಕ್, ಯಾರ್ಕ್–ಎಡಿನ್‌ಬರೋ ಎಂದು ಎರಡು ಅಡ್ವಾನ್ಸ್ ತೆಗೆಯುವುದೇ ಕೈಗೆಟುಕುವ ಉಪಾಯ. ಎರಡೂ ತುಂಡುಗಳು ಉದ್ದವಾದವು, ಆದ್ದರಿಂದ ಎರಡನ್ನೂ ಬೇಗ ಕಾಯ್ದಿರಿಸಿ.

ಬುಕ್ ಮಾಡುವಾಗ ಕಾಲು ಜಾರುವ ಜಾಗ

ಟಿಕೆಟ್ ಮಾರುವ ಜಾಲತಾಣಗಳಲ್ಲಿ ‘ವಯಾ’ ಎಂಬ ಆಯ್ಕೆಯಿರುತ್ತದೆ. ಅಲ್ಲಿ ಬಾತ್ ಎಂದು ತುಂಬಿದರೆ ಬಾತ್‌ನಲ್ಲಿ ಇಳಿಯಲು ಅನುಮತಿ ಸಿಕ್ಕಿತು ಎಂದುಕೊಳ್ಳುವುದು ಬಹಳ ಸಾಮಾನ್ಯ. ರೈಲು ಆ ಊರಿನ ಮೂಲಕ ಹೋಗಲಿ ಎಂದು ನೀವು ಕೇಳಿದಂತಾಯಿತೇ ಹೊರತು, ಟಿಕೆಟ್ಟಿನ ಷರತ್ತು ಬದಲಾಗುವುದಿಲ್ಲ.

ಇನ್ನು ‘ಸ್ಪ್ಲಿಟ್ ಟಿಕೆಟ್’. ಲಂಡನ್–ಬ್ರಿಸ್ಟಲ್ ಪ್ರಯಾಣವನ್ನು ಡಿಡ್‌ಕಾಟ್ ಪಾರ್ಕ್‌ವೇ ಎಂಬ ನಿಲ್ದಾಣದಲ್ಲಿ ಒಡೆದು ಎರಡು ಟಿಕೆಟ್ ಮಾಡಿದರೆ ಒಟ್ಟು ದರ ಕಡಿಮೆಯಾಗುವುದುಂಟು. ಹಲವು ಜಾಲತಾಣಗಳು ಇದನ್ನು ತಾವಾಗಿಯೇ ಮಾಡಿಕೊಡುತ್ತವೆ. ಇದು ಪೂರ್ತಿ ನಿಯಮಬದ್ಧ. ರೈಲು ಡಿಡ್‌ಕಾಟ್‌ನಲ್ಲಿ ನಿಲ್ಲಬೇಕು ಎಂಬುದಷ್ಟೇ ಷರತ್ತು, ನೀವು ಇಳಿಯಬೇಕಾಗಿಲ್ಲ. ಆಸನದ ಸಂಖ್ಯೆ ಬದಲಾಗಿದ್ದರೆ ಎದ್ದು ಜಾಗ ಬದಲಿಸಿದರಾಯಿತು. ಆದರೆ ಈ ಎರಡೂ ಟಿಕೆಟ್ ಅದೇ ರೈಲಿನ ಅಡ್ವಾನ್ಸ್ ಆಗಿದ್ದರೆ, ಡಿಡ್‌ಕಾಟ್‌ನಲ್ಲಿ ಇಳಿದು ಸುತ್ತಾಡಿ ನಂತರದ ರೈಲು ಹತ್ತಲು ಬರುವುದಿಲ್ಲ. ಎರಡನೆಯ ಟಿಕೆಟ್ಟಿನ ಮೇಲಿರುವ ರೈಲು ಆಗಲೇ ಹೊರಟುಹೋಗಿರುತ್ತದೆ.

ಊರಿನಿಂದ ಬಂದವರಿಗೆ ರಿಯಾಯಿತಿ

ರೈಲ್‌ಕಾರ್ಡ್ ಎಂಬ ರಿಯಾಯಿತಿ ಕಾರ್ಡ್ ಇದ್ದರೆ ಹೆಚ್ಚಿನ ಟಿಕೆಟ್‌ಗಳಲ್ಲಿ ಮೂರನೆಯ ಒಂದು ಭಾಗ ಕಡಿತವಾಗುತ್ತದೆ, ಅಡ್ವಾನ್ಸ್ ಟಿಕೆಟ್‌ಗಳಲ್ಲೂ ಸಹ. ವಿದ್ಯಾರ್ಥಿಗಳು 16–25 ರೈಲ್‌ಕಾರ್ಡ್ ಮಾಡಿಸಿಕೊಂಡಿರುತ್ತಾರೆ. ಅಪ್ಪ ಅಮ್ಮನಿಗೆ ಮಾತ್ರ ಪೂರ್ತಿ ದರ ತೆರುತ್ತಾರೆ, ಇದು ನನಗೆ ಬೇಸರ ತರುವ ಸಂಗತಿ. 60 ದಾಟಿದ ಯಾರಾದರೂ ಸೀನಿಯರ್ ರೈಲ್‌ಕಾರ್ಡ್ ಕೊಳ್ಳಬಹುದು. ಬ್ರಿಟನ್ನಿನ ಪ್ರಜೆಯಾಗಿರಬೇಕಿಲ್ಲ, ವಯಸ್ಸಿಗೆ ಪಾಸ್‌ಪೋರ್ಟ್ ಸಾಕು. 2025ರ ಮಾರ್ಚ್‌ನಿಂದ ವರ್ಷಕ್ಕೆ 35 ಪೌಂಡ್. ದಂಪತಿಗಳು ಸದಾ ಜೊತೆಯಾಗಿಯೇ ಓಡಾಡುವುದಾದರೆ ‘ಟೂ ಟುಗೆದರ್’ ಕಾರ್ಡ್ ಒಂದೇ ಸಾಕು, ವಾರದ ದಿನಗಳಲ್ಲಿ ಬೆಳಿಗ್ಗೆ 9.30ಕ್ಕೆ ಮೊದಲು ಅದು ನಡೆಯುವುದಿಲ್ಲ.

ಬಂದವರು ಹತ್ತು ಊರು ಸುತ್ತುವ ಹುಮ್ಮಸ್ಸಿನಲ್ಲಿದ್ದರೆ ಬ್ರಿಟ್‌ರೈಲ್ ಪಾಸ್‌ನ ದರವನ್ನೂ ಒಮ್ಮೆ ನೋಡಿ. ಬ್ರಿಟನ್ನಿನ ನಿವಾಸಿಗಳಿಗೆ ಇದು ಸಿಗುವುದಿಲ್ಲ, ಪ್ರವಾಸಿಗರಿಗೆಂದೇ ಇರುವುದು. ಪಾಸ್‌ನ ದಿನಗಳಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು, ಹತ್ತಬಹುದು; ಈ ಲೇಖನದ ಅರ್ಧಕ್ಕರ್ಧ ಚಿಂತೆ ಅವರಿಗಿರುವುದಿಲ್ಲ.

ಟಿಕೆಟ್ ಆಗಲೇ ಕೊಂಡಾಗಿದ್ದರೆ

ಅಡ್ವಾನ್ಸ್ ಟಿಕೆಟ್ಟಿಗೆ ಹಣ ವಾಪಸಾಗುವುದಿಲ್ಲ. ಕಾಯ್ದಿರಿಸಿದ ರೈಲು ರದ್ದಾಗಿಯೋ ತಡವಾಗಿಯೋ ನೀವು ಪ್ರಯಾಣವನ್ನೇ ಕೈಬಿಟ್ಟರೆ ಮಾತ್ರ ಪೂರ್ತಿ ಹಣ ಸಿಗುತ್ತದೆ. ಬದಲಾವಣೆಗೆ ಅವಕಾಶವುಂಟು: ಕಾಯ್ದಿರಿಸಿದ ಮೊದಲ ರೈಲು ಹೊರಡುವ ಮುನ್ನ, ಕೊಂಡ ಕಡೆಯಲ್ಲೇ, ದಿನವನ್ನೋ ವೇಳೆಯನ್ನೋ ಬದಲಿಸಿಕೊಳ್ಳಬಹುದು. ಒಂದು ಟಿಕೆಟ್ಟಿಗೆ ಸಾಮಾನ್ಯವಾಗಿ 10 ಪೌಂಡ್ ಶುಲ್ಕ, ಹೊಸ ಟಿಕೆಟ್ ದುಬಾರಿಯಾಗಿದ್ದರೆ ಆ ವ್ಯತ್ಯಾಸವೂ ಸೇರುತ್ತದೆ. ಆದರೆ ಒಂದು ಲಂಡನ್–ಬ್ರಿಸ್ಟಲ್ ಟಿಕೆಟನ್ನು ಎರಡು ತುಂಡು ಮಾಡಿಕೊಡಿ ಎಂದರೆ ಆಗುವುದಿಲ್ಲ.

ಹಾಗಿದ್ದರೆ ಬಾತ್ ನೋಡುವುದು ಹೇಗೆ? ಕಾಯ್ದಿರಿಸಿದ ರೈಲಿನಲ್ಲೇ ಬ್ರಿಸ್ಟಲ್‌ವರೆಗೆ ಹೋಗಿ. ಅಲ್ಲಿಂದ ಬಾತ್‌ಗೆ ಹೋಗಿಬರುವ ಡೇ ರಿಟರ್ನ್ ತೆಗೆಯಿರಿ. ಗುರಿ ತಲುಪಿ ಹೊರಗೆ ಬಂದ ಮೇಲೆ ನಿಮ್ಮ ಅಡ್ವಾನ್ಸ್ ಟಿಕೆಟ್ಟಿನ ಕೆಲಸ ಮುಗಿಯಿತು, ಅದರ ಷರತ್ತೂ ಮುಗಿಯಿತು. ದಾರಿ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಆದರೆ ಸಾಮಾನುಗಳನ್ನು ನೆಂಟರ ಮನೆಯಲ್ಲಿಟ್ಟು ಕೈಬೀಸಿಕೊಂಡು ಹೋಗಬಹುದು. ಸೂಟ್‌ಕೇಸ್ ಎಳೆದುಕೊಂಡು ಬಾತ್‌ನ ಕಲ್ಲುಹಾಸಿನ ಬೀದಿಗಳಲ್ಲಿ ನಡೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಗೇಟಿನಲ್ಲಿ ಸಿಕ್ಕಿಬಿದ್ದಾಗ

ನಿಯಮ ತಿಳಿಯದೆ ಒಬ್ಬರು ಬಾತ್‌ನಲ್ಲಿ ಇಳಿದರು ಎಂದುಕೊಳ್ಳಿ. ಗೇಟಿನ ಗಾಜಿನ ಮೇಲೆ ಮೊಬೈಲ್ ಹಿಡಿಯುತ್ತಾರೆ. ಬಾಗಿಲು ತೆರೆಯುವುದಿಲ್ಲ, ಪರದೆಯ ಮೇಲೆ ಸಿಬ್ಬಂದಿಯನ್ನು ಕಾಣಿ ಎಂಬ ಸೂಚನೆ ಬರುತ್ತದೆ. ಹಿಂದೆ ಸಾಲು ಬೆಳೆಯುತ್ತದೆ. ಸಿಬ್ಬಂದಿ ಬಂದು ಟಿಕೆಟ್ ನೋಡಿ, ಇದು ಬ್ರಿಸ್ಟಲ್‌ನದು, ಅಡ್ವಾನ್ಸ್, ಇಲ್ಲಿ ಇಳಿಯುವಂತಿಲ್ಲ ಎನ್ನುತ್ತಾರೆ.

ಆಗ ಕೇಳಬಹುದಾದದ್ದು ‘ಎಕ್ಸೆಸ್ ಫೇರ್’. ಲೆಕ್ಕ ಹೀಗೆ: ಅಲ್ಲಿ ಇಳಿಯಲು ಅವಕಾಶ ಕೊಡುವ, ತಕ್ಷಣದ ಪ್ರಯಾಣಕ್ಕೆ ಸಿಗುವ ಅತ್ಯಂತ ಕಡಿಮೆ ದರದ ಟಿಕೆಟ್ ಯಾವುದೋ ಅದರ ಬೆಲೆಯಲ್ಲಿ ನೀವು ಈಗಾಗಲೇ ಕೊಟ್ಟ ಹಣವನ್ನು ಕಳೆದು ಉಳಿದದ್ದನ್ನು ಕೊಡಬೇಕು. ಕೊಟ್ಟ ಹಣ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ನೆನಪಿಡಿ. ಇಡೀ ಹೊಸ ಟಿಕೆಟ್ಟಿನ ಹಣ ಕೇಳಿದರೆ 16ನೆಯ ನಿಯಮವನ್ನು ಸೌಮ್ಯವಾಗಿ ತೋರಿಸಿ, ಲೆಕ್ಕ ಬಿಡಿಸಿ ಹೇಳಿರೆಂದು ಕೇಳಿ. ರಸೀದಿ ಪಡೆದುಕೊಳ್ಳಿ.

ಗೇಟು ತೆರೆದೇ ಇತ್ತು, ಯಾರೂ ಕೇಳಲಿಲ್ಲ, ಬಾತ್ ಸುತ್ತಿ ಬಂದು ಮೂರು ಗಂಟೆಯ ನಂತರದ ರೈಲು ಹತ್ತಿದರು ಎಂದುಕೊಳ್ಳಿ. ಇದು ಮೊದಲಿನದಕ್ಕಿಂತ ಗಂಭೀರ. ಅಡ್ವಾನ್ಸ್ ಟಿಕೆಟ್ ಆ ರೈಲಿಗೆ ಸಲ್ಲುವುದೇ ಇಲ್ಲ, ಟಿಕೆಟ್ ಇಲ್ಲದವರಂತೆಯೇ ಅವರನ್ನು ನೋಡಬಹುದು. ಇಂಗ್ಲೆಂಡಿನಲ್ಲಿ 2023ರ ಜನವರಿಯಿಂದ ‘ಪೆನಾಲ್ಟಿ ಫೇರ್’ ಎಂಬ ದಂಡ 100 ಪೌಂಡ್ ಮತ್ತು ಪ್ರಯಾಣದ ದರ. 21 ದಿನದೊಳಗೆ ಕಟ್ಟಿದರೆ 100ರ ಬದಲು 50. ಹಣ ತಪ್ಪಿಸುವ ಉದ್ದೇಶವಿತ್ತೆಂದು ಅವರಿಗೆ ಅನಿಸಿದರೆ ವಿಷಯ ನ್ಯಾಯಾಲಯಕ್ಕೂ ಹೋಗಬಹುದು, 1889ರಷ್ಟು ಹಳೆಯ ರೈಲ್ವೆ ಕಾಯ್ದೆಯೊಂದು ಅದಕ್ಕೆ ಈಗಲೂ ಬಳಕೆಯಲ್ಲಿದೆ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾದ ಮೇಲೆ ಇರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ವೀಸಾ ಅರ್ಜಿಗಳಲ್ಲಿ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಕೆಲವು ಪೌಂಡ್ ಉಳಿಸಲು ಹೋಗಿ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಡಿ.

ಹುಷಾರು ತಪ್ಪಿ ಇಳಿಯಲೇಬೇಕಾದ ಸಂದರ್ಭಗಳೂ ಬರುತ್ತವೆ. ಅಮ್ಮನಿಗೆ ತಲೆ ಸುತ್ತಿತು, ಮಗು ವಾಂತಿ ಮಾಡಿಕೊಂಡಿತು. ಆಗ ಟಿಕೆಟ್ಟಿನ ಚಿಂತೆ ಬಿಟ್ಟು ರೈಲಿನ ಗಾರ್ಡಿಗೆ ಮೊದಲು ತಿಳಿಸಿ, ಮುಂದಿನ ರೈಲಿನಲ್ಲಿ ಹೋಗಲು ಟಿಕೆಟ್ಟಿನ ಮೇಲೆ ಟಿಪ್ಪಣಿ ಹಾಕಿಕೊಡಿ ಎಂದು ಅವರನ್ನೋ ನಿಲ್ದಾಣದ ಸಿಬ್ಬಂದಿಯನ್ನೋ ಕೇಳಿ. ಮುಂಚಿತವಾಗಿ ಹೇಳಿದ ಮಾತಿಗೆ ಇರುವ ತೂಕ ಸಿಕ್ಕಿಬಿದ್ದ ಮೇಲೆ ಹೇಳಿದ ಮಾತಿಗಿಲ್ಲ.

ತಪ್ಪು ರೈಲ್ವೆಯದೇ ಆಗಿದ್ದರೆ ಹೆದರಬೇಕಾಗಿಲ್ಲ. ಮೊದಲ ರೈಲು ತಡವಾಗಿ, ಪ್ರಯಾಣಪಟ್ಟಿಯಲ್ಲಿದ್ದ ಮುಂದಿನ ರೈಲು ತಪ್ಪಿದರೆ, ಅದೇ ಕಂಪನಿಯ ನಂತರದ ರೈಲಿನಲ್ಲಿ ಅದೇ ಅಡ್ವಾನ್ಸ್ ಟಿಕೆಟ್ಟಿನಲ್ಲಿ ಹೋಗುವ ಹಕ್ಕು ನಿಮಗಿದೆ. ಗುರಿ ತಲುಪಿದ್ದು ತಡವಾದರೆ ‘ಡಿಲೇ ರಿಪೇ’ ಪರಿಹಾರಕ್ಕೂ ಅರ್ಜಿ ಹಾಕಿ. ಕಂಪನಿಯನ್ನು ಅವಲಂಬಿಸಿ 15 ಅಥವಾ 30 ನಿಮಿಷದ ತಡದಿಂದಲೇ ಅದು ಸಿಗುತ್ತದೆ.

ಅನ್ಯಾಯವಾಗಿ ಹಣ ಕಟ್ಟಿಸಿಕೊಂಡರು ಅನಿಸಿದರೆ ರಸೀದಿ, ಟಿಕೆಟ್, ಪ್ರಯಾಣಪಟ್ಟಿ ಮೂರರ ಚಿತ್ರವನ್ನೂ ಇಟ್ಟುಕೊಂಡು ಮೊದಲು ಆ ರೈಲು ಕಂಪನಿಗೆ ದೂರು ಬರೆಯಿರಿ. ಅವರ ಉತ್ತರ ಒಪ್ಪಿಗೆಯಾಗದಿದ್ದರೆ ಪ್ರಯಾಣಿಕರ ದೂರುಗಳನ್ನು ವಿಚಾರಿಸುವ ಸ್ವತಂತ್ರ ಸಂಸ್ಥೆ ರೈಲ್ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಪೆನಾಲ್ಟಿ ಫೇರ್ ಹಾಕಿದ್ದರೆ ದಾರಿ ಬೇರೆ: ಅದರ ಚೀಟಿಯಲ್ಲೇ ಮೇಲ್ಮನವಿಯ ವಿಳಾಸವಿರುತ್ತದೆ, 21 ದಿನದೊಳಗೆ ಸಲ್ಲಿಸಬೇಕು.